ತಂಬೂರಿಯ ನೆರೆಯಲ್ಲಿ ಬೇಸ್ ಗಿಟಾರು

ಮಠದ ತಂಬೂರಿಯ ಶ್ರುತಿಯಲ್ಲಿ ವಚನಗಾಯನ ಕಲಿತ ನಮಗೆ ಬೇಸ್ ಗಿಟಾರು ಪರಕೀಯವೆನಿಸಲಿಲ್ಲ. ಎರಡಕ್ಕೂ ಸಾಮಾನ್ಯವಾಗಿ ನಾಲ್ಕೇ ತಂತಿ. ತಂಬೂರಿಯ ಮಂದ್ರ ಷಡ್ಜಕ್ಕಿಂತಲೂ ಕೆಳಗೆ, ಸೆಕೆಂಡಿಗೆ ಸುಮಾರು 41 ಕಂಪನಗಳವರೆಗೆ, ಇದು ಇಳಿಯುತ್ತದೆ.

ಕಮಲಾಪುರದ ಶಿಷ್ಯನೊಬ್ಬನು ಬಾಳೆ ಮಾರಿದ ಹಣದಲ್ಲಿ ಹಳೆಯದೊಂದನ್ನು ಕೊಳ್ಳಲು ನಮ್ಮನ್ನು ಕಲಬುರಗಿಗೆ ಕರೆದೊಯ್ದನು. ಮಾರುವವರು ಹೊಳಪನ್ನು ತೋರಿದರು. ನಾವು ಹನ್ನೆರಡನೆಯ ಮನೆಯ ಸ್ವರವನ್ನು ಕೇಳಿದೆವು. ಅದು ಬಿಟ್ಟ ತಂತಿಯ ತಾರ ಷಡ್ಜವಾಗಬೇಕು. ಒಂದು ತಂತಿಯಲ್ಲಿ ತುಸು ಏರಿತ್ತು. ಕುದುರೆಯನ್ನು ತಿರುಪಿನಿಂದ ಹಿಂದಕ್ಕೆ ಸರಿಸಿದೊಡನೆ ಕೂಡಿತು.

ಆಂಪ್ಲಿಫೈಯರಿನ ವಿಷಯದಲ್ಲಂತೂ ಜಿಪುಣತನ ಸಲ್ಲದು. ಜಾತ್ರೆಯ ಕಹಳೆಯಾಕಾರದ ಧ್ವನಿವರ್ಧಕಕ್ಕೆ ಈ ಮಂದ್ರವು ದಕ್ಕದು. ಅಗಲವಾದ ಸ್ಪೀಕರಿನ ಪೆಟ್ಟಿಗೆಯೇ ಬೇಕು.

“ಭಜನಿಗಿ ಇದ್ಯಾಕ್ರಿ, ಶಾಸ್ತ್ರಿಗಳೇ?” ಎಂದು ಹುಡುಗನ ತಂದೆ ಮುನಿದಿದ್ದರು. ಮೊದಲ ವಚನ ಮುಗಿಯುವಷ್ಟರಲ್ಲಿ ಅವರು ತಮ್ಮ ಚಾಪೆಯನ್ನು ಪೆಟ್ಟಿಗೆಯ ಹತ್ತಿರಕ್ಕೆ ಎಳೆದುಕೊಂಡಿದ್ದರು.