ಹಣತೆಯ ಕಪ್ಪು, ಕರಿಜಾಲಿಯ ಅಂಟು

ಗೌರಿಬಿದನೂರು ದಾಟಿ ವಿದುರಾಶ್ವತ್ಥಕ್ಕೆ ಬಂದಿದ್ದೇನೆ. ಮಲೆನಾಡಿನವನಾದ ನನಗೆ ಇಲ್ಲಿನ ಆಕಾಶದ ಅಗಲವೇ ಮೊದಲ ಅಚ್ಚರಿ. ದೇವಸ್ಥಾನದ ಸುತ್ತ ಲೆಕ್ಕವಿಲ್ಲದಷ್ಟು ನಾಗರಕಲ್ಲುಗಳು. ಹಣತೆ ಹಚ್ಚಿಟ್ಟ ಕಡೆ ಕಲ್ಲಿಗೆ ದಪ್ಪಗೆ ಕಪ್ಪು ಹಿಡಿದಿದೆ. ಬೆರಳಿಗೆ ಹತ್ತಿದ್ದು ತೊಳೆದರೂ ಹೋಗುತ್ತಿಲ್ಲ! ಮನುಷ್ಯ ಬರೆಯಲು ಬಳಸಿದ ಮೊದಮೊದಲ ಮಸಿಯ ಜೀವಾಳ ಇದೇ ಕಪ್ಪು. ಗೀಜಾದ ದೊಡ್ಡ ಪಿರಮಿಡ್ಡಿಗೆ ದೋಣಿಯಲ್ಲಿ ಕಲ್ಲು ಸಾಗಿಸಿದ ಮೇರೆರ್ ಎಂಬ ಅಧಿಕಾರಿಯ ದಿನಚರಿ 2013ರಲ್ಲಿ ಕೆಂಪು ಸಮುದ್ರದ ದಡದಲ್ಲಿ ಸಿಕ್ಕಿತು. ಸುಮಾರು 4,500 ವರ್ಷ ಕಳೆದರೂ ಅದರ ಅಕ್ಷರಗಳನ್ನು ಓದಬಹುದು. ಈ ಕಪ್ಪು ಇಂಗಾಲ; ಅದನ್ನು ಬಿಸಿಲು ಬಿಳಿಚಿಸಲಾರದು.

ಬರೀ ಕಪ್ಪು ಹಾಳೆಗೆ ಅಂಟದು, ಉದುರಿಹೋಗುತ್ತದೆ. ಅದಕ್ಕೆ ಅಂಟು ಬೇಕು. ಆ ಅಂಟು ಚಿಕ್ಕಬಳ್ಳಾಪುರದ ದಾರಿಯ ಕೆರೆಯಂಗಳದಲ್ಲೇ ಸಿಕ್ಕಿತು. ಕರಿಜಾಲಿಯ ತೊಗಟೆ ಸೀಳಿದಲ್ಲಿ ಗೋಂದು ಒಸರಿ ಗಟ್ಟಿಯಾಗಿದೆ. ಮೇರೆರ್‌ನ ನಾಡಿನ ನೈಲ್ ನದಿಯ ದಂಡೆಯಲ್ಲಿ ಬೆಳೆಯುವುದೂ ಇದೇ ಜಾತಿಯ ಮರ! ಮುಳ್ಳು ಚಪ್ಪಲಿ ತೂರಿ ಅಂಗಾಲಿಗೆ ನೆಟ್ಟಿತು. ಆದರೂ ಒಂದು ಹರಳು ಕಿತ್ತು ಜೇಬಿಗೆ ಹಾಕಿಕೊಂಡೆ.

ನಂದಿಯ ಭೋಗನಂದೀಶ್ವರದಲ್ಲಿ ಅಕ್ಷರ ಕಲ್ಲಿನೊಳಗಿದೆ. ಇಲ್ಲಿ ಮಸಿಗೇನು ಕೆಲಸ ಎನ್ನಿಸಬಹುದು. ಆದರೆ ಶಾಸನವನ್ನು ಓದುಗರ ಮೇಜಿಗೆ ತಂದದ್ದೇ ಮಸಿ. ಕಲ್ಲು ತೊಳೆದು, ಒದ್ದೆ ಕಾಗದ ಹರಡಿ, ಅಕ್ಷರದ ಕುಳಿಗೆ ಅದು ಇಳಿಯುವಂತೆ ಬ್ರಷ್ಷಿನಿಂದ ಬಡಿದು, ಮೇಲೆ ಮಸಿಯ ಉಂಡೆ ಒತ್ತುತ್ತಾರೆ. ಪಡಿಯಚ್ಚಿನಲ್ಲಿ ನೆಲವೆಲ್ಲ ಕಪ್ಪು, ಅಕ್ಷರ ಬಿಳಿ. ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಕೋಲಾರ ಜಿಲ್ಲೆಯ ಶಾಸನ ಸಂಪುಟದಲ್ಲಿ ಈ ಸೀಮೆಯ ಕಲ್ಲುಗಳೂ ಮಾತಾಡಿದವು.

ಶಿಡ್ಲಘಟ್ಟದ ಬಸ್ಸಿನಲ್ಲಿ ರೇಷ್ಮೆಗೂಡಿನ ಮೂಟೆಗಳಿಗೆ ಸೀಟು, ನಮಗೆ ಕಂಬಿ. ಊರೊಳಗೆ ನೂಲು ಬಿಚ್ಚುವ ಮನೆಗೆ ಕಾಲಿಟ್ಟರೆ ಕುದಿವ ಗೂಡಿನ ವಾಸನೆ ಮೂಗಿಗೆ ಅಡರುತ್ತದೆ. ಮೇಲೆ ಎಳೆಎಳೆಯಾಗಿ ಏರುವ ರೇಷ್ಮೆ. ಕೆಳಗೆ ಸೌದೆ ಒಲೆ, ಗೋಡೆಗೆಲ್ಲ ಮಸಿ. "ಇದನ್ನೇನು ನೋಡ್ತೀರಾ ಸಾರ್, ದಿನಾ ಕೆರೆದು ಬಿಸಾಕ್ತೀವಿ" ಎಂದು ರೀಲರ್ ನಕ್ಕರು. ಕಾಗದ ಬಳಕೆಗೆ ಬರುವ ಮುನ್ನ ಚೀನೀಯರು ರೇಷ್ಮೆಯ ಮೇಲೂ ಬರೆಯುತ್ತಿದ್ದರು. ಕ್ರಿ.ಪೂ. 168ರಲ್ಲಿ ಮುಚ್ಚಿದ ಮಾವಾಂಗ್‌ದುಯಿ ಸಮಾಧಿಯಿಂದ 1973ರಲ್ಲಿ ಅಂಥ ಬರಹಗಳು ಹೊರಬಂದವು. ಆ ಲಿಪಿಕಾರರಿಗೆ ಬೇಕಿದ್ದ ಎರಡೂ ವಸ್ತು ಈ ಒಂದೇ ಕೋಣೆಯಲ್ಲಿವೆ.

ಚಿಂತಾಮಣಿಯ ಮಂಡಿಯಲ್ಲಿ ಹುಣಸೆಯದೇ ಘಮ. ಹಣ್ಣು ಕುಟ್ಟಿ ಬೀಜ ತೆಗೆಯುವ ಹೆಂಗಸರ ಪಕ್ಕ ಕಂದು ಬೀಜದ ರಾಶಿ. ನಮ್ಮಲ್ಲಿ ಅದು ಚೌಕಾಬಾರದ ಕಾಯಿ, ಅಷ್ಟೇ. ಹಿಂದಿನವರು ಅದನ್ನು ಅರೆದು ಅಂಟು ಮಾಡಿ, ಇದ್ದಿಲ ಪುಡಿ ಬೆರೆಸಿ ಬಟ್ಟೆಗೆ ಬಳಿದು ಕಡತ ಮಾಡುತ್ತಿದ್ದರು. ಬರೆಯುವುದು ಬಳಪದಲ್ಲಿ. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಇದನ್ನು ವರ್ಣಿಸಿದ್ದಾನೆ: ಒಂದಡಿಯವರೆಗೆ ಅಗಲ, 12ರಿಂದ 18 ಅಡಿ ಉದ್ದ, ಮಡಿಸಿದರೆ ಪುಸ್ತಕ, ಬೇಡವಾದರೆ ಒರೆಸಿ ಮತ್ತೆ ಬರೆಯಬಹುದು. ನಂದಿಯ ಪಡಿಯಚ್ಚಿನಂತೆ ಇಲ್ಲಿಯೂ ಕಪ್ಪಿನ ಮೇಲೆ ಬಿಳಿ!

ಕೊನೆಗೆ ಕೈವಾರ. ಬಳೆ ಮಾರುತ್ತಿದ್ದ ನಾರಾಯಣಪ್ಪ ಯೋಗಿನಾರೇಯಣ ಯತೀಂದ್ರರಾಗಿ ಕನ್ನಡ, ತೆಲುಗು ಎರಡರಲ್ಲೂ ಹಾಡಿದ ಊರು. ಆ ಕಾಲದ ಓಲೆಗರಿಗೂ ಬೇಕಾದದ್ದು ದೀಪದ ಕಪ್ಪೇ: ಕಂಠವೆಂಬ ಕಬ್ಬಿಣದ ಲೇಖನಿಯಿಂದ ಕೊರೆದು, ಎಣ್ಣೆಯಲ್ಲಿ ಕಲಸಿದ ಕಪ್ಪು ಸವರಿ ಒರೆಸಿದರೆ ಗೀರಿನಲ್ಲಿ ಅಕ್ಷರ ಮೂಡುತ್ತದೆ.

ಬರಹಕ್ಕೆ ಬೇಕಾದ ದೀಪ, ಜಾಲಿ, ಹುಣಸೆ, ರೇಷ್ಮೆ ಎಲ್ಲವೂ ಈ ನಾಲ್ಕು ತಾಲ್ಲೂಕಿನ ಹಿತ್ತಲಲ್ಲೇ ಇವೆ. ಇಲ್ಲಿನ ಪ್ರತಿ ಶಾಲೆಯ ಮಕ್ಕಳೂ ಒಮ್ಮೆ ತಮ್ಮ ಕೈಯಾರೆ ಮಸಿ ಅರೆದು ತಮ್ಮ ಹೆಸರು ಬರೆಯಬೇಕು. ಮೇರೆರ್‌ನ ಕೈಗೂ ತಮ್ಮ ಕೈಗೂ ಹತ್ತಿದ್ದು ಒಂದೇ ಕಪ್ಪು ಎಂಬುದು ಆಗ ಯಾವ ಪಾಠವಿಲ್ಲದೆಯೂ ಅವರಿಗೆ ತಿಳಿಯುತ್ತದೆ.