ಉಸಿರಿನಲ್ಲಿ ಅಸಿಟೋನ್

ಕೀಟೋನ್ ಅಂದ್ರೆ ನಮ್ಮ ಬ್ಯಾಚಿನ ಅರ್ಧ ಜನಕ್ಕೆ ಸೆಕೆಂಡ್ ಪಿಯುಸಿ ಆರ್ಗ್ಯಾನಿಕ್ ಕೆಮಿಸ್ಟ್ರಿ ನೆನಪಾಗುತ್ತೆ. ಇನ್ನರ್ಧ ಜನಕ್ಕೆ ಜಿಮ್‌ಗೆ ಹೋಗುವವರ ಕೀಟೋ ಡಯಟ್. ನಮ್ಮ ರೂಮಿನ ಮೂವರಿಗೆ ಮಾತ್ರ ಮೊದಲು ನೆನಪಾಗೋದು ನಮ್ಮ ನಾಲ್ಕನೇ ರೂಮ್‌ಮೇಟ್. ಆ ವಿಷಯಕ್ಕೆ ಬರೋ ಮುಂಚೆ ಸ್ವಲ್ಪ ಕೆಮಿಸ್ಟ್ರಿ ಹೇಳಲೇಬೇಕು. ನಾವು ಸೈನ್ಸ್ ಓದಿದ್ದೆಲ್ಲ ಇಂಗ್ಲಿಷಿನಲ್ಲೇ. ಕನ್ನಡ ಪದ ಹೊಳೆಯದ ಕಡೆ ಕ್ಲಾಸಲ್ಲಿ ಕೇಳಿದ ಪದವನ್ನೇ ಬರೆದಿದ್ದೇವೆ, ಸಹಿಸಿಕೊಳ್ಳಿ.

ಒಂದು ಕಾರ್ಬನ್, ಅದಕ್ಕೆ ಡಬಲ್ ಬಾಂಡ್‌ನಲ್ಲಿ ಅಂಟಿಕೊಂಡ ಒಂದು ಆಕ್ಸಿಜನ್. ಆ ಕಾರ್ಬನ್ನಿನ ಎಡಕ್ಕೂ ಬಲಕ್ಕೂ ಕಾರ್ಬನ್ನೇ ಇದ್ದರೆ ಅದು ಕೀಟೋನ್. ಒಂದು ಕಡೆ ಹೈಡ್ರೋಜನ್ ಇದ್ದರೆ ಆಲ್ಡಿಹೈಡ್. ವ್ಯತ್ಯಾಸ ಇಷ್ಟೇ. ಎಲ್ಲಕ್ಕಿಂತ ಚಿಕ್ಕ ಕೀಟೋನ್ ಅಂದರೆ ಅಸಿಟೋನ್. 56 ಡಿಗ್ರಿಗೇ ಕುದಿಯುತ್ತೆ, ಬಾಟಲಿ ಮುಚ್ಚಳ ತೆಗೆದರೆ ಸಾಕು, ರೂಮೆಲ್ಲ ವಾಸನೆ. ಲ್ಯಾಬ್‌ನಲ್ಲಿ ಗಾಜಿನ ಸಾಮಾನು ತೊಳೆಯೋಕೆ, ಮನೆಯಲ್ಲಿ ನೇಲ್ ಪಾಲಿಶ್ ತೆಗೆಯೋಕೆ ಬಳಸೋದು ಇದನ್ನೇ. 1848ರಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞ ಲಿಯೋಪೋಲ್ಡ್ ಗ್ಮೆಲಿನ್ ಇಡೀ ಕುಟುಂಬಕ್ಕೆ ಹೆಸರಿಟ್ಟಿದ್ದು ಅಸಿಟೋನಿನ ಹಳೇ ಜರ್ಮನ್ ಹೆಸರಿನಿಂದ. ನಾವು ಮಂಗಳಾರತಿಗೆ ಹಚ್ಚುವ ಕರ್ಪೂರ ಕೂಡ ಒಂದು ಕೀಟೋನ್ ಅಂತ ಗೊತ್ತಾದಾಗ ನಮಗೆ ಖುಷಿಯಾಗಿತ್ತು.

ಈ ಕೀಟೋನುಗಳನ್ನು ನಮ್ಮ ದೇಹವೂ ತಯಾರಿಸುತ್ತೆ. ಊಟ ಬಿಟ್ಟಾಗ ಲಿವರ್ ತಾನು ಕೂಡಿಟ್ಟ ಗ್ಲೈಕೋಜನ್ ಒಡೆದು ಗ್ಲುಕೋಸ್ ಕೊಡುತ್ತೆ. ಆ ದಾಸ್ತಾನು ಹೆಚ್ಚುಕಮ್ಮಿ ಒಂದು ದಿನಕ್ಕೆ ಸಾಕು. ಆಮೇಲೆ ಕೊಬ್ಬನ್ನು ಕರಗಿಸಬೇಕು. ಆದರೆ ಕೊಬ್ಬಿನ ಆಮ್ಲದಿಂದ ಮಿದುಳಿನ ಹೊಟ್ಟೆ ತುಂಬಲ್ಲ. ಅದಕ್ಕೇ ಲಿವರ್ ಕೊಬ್ಬನ್ನು ಸಣ್ಣ ಸಣ್ಣ ಅಣುಗಳಾಗಿ ಮಾಡಿ ರಕ್ತಕ್ಕೆ ಬಿಡುತ್ತೆ: ಅಸಿಟೋಅಸಿಟೇಟ್, ಬೀಟಾ-ಹೈಡ್ರಾಕ್ಸಿಬ್ಯುಟಿರೇಟ್, ಅಸಿಟೋನ್. ಮೂರಕ್ಕೂ ಸೇರಿ ಕೀಟೋನ್ ಬಾಡಿಗಳು ಅಂತ ಹೆಸರು. ತಮಾಷೆ ಏನಂದ್ರೆ ಇವುಗಳಲ್ಲಿ ಹೆಚ್ಚಿಗೆ ಇರೋ ಬೀಟಾ-ಹೈಡ್ರಾಕ್ಸಿಬ್ಯುಟಿರೇಟ್ ಕೀಟೋನೇ ಅಲ್ಲ. ಪಿಯು ಪರೀಕ್ಷೆಯಲ್ಲಿ ಹಾಗೆ ಬರೆದರೆ ಮಾರ್ಕ್ಸ್ ಹೋಗುತ್ತೆ! ಇನ್ನೊಂದು ತಮಾಷೆ, ಕೀಟೋನ್ ತಯಾರಿಸುವ ಲಿವರ್‌ಗೆ ಅದನ್ನು ಉರಿಸುವ ಎನ್‌ಜೈಮ್ ಇಲ್ಲ. ನಮ್ಮ ಮೆಸ್ ಭಟ್ಟರ ಹಾಗೆ, ಎಲ್ಲರಿಗೂ ಬಡಿಸ್ತಾರೆ, ತಾವು ಆ ಸಾಂಬಾರ್ ಮುಟ್ಟಲ್ಲ.

1967ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಜಾರ್ಜ್ ಕಾಹಿಲ್ ಮತ್ತು ಸಂಗಡಿಗರು ವಾರಗಟ್ಟಲೆ ಉಪವಾಸವಿದ್ದ ಜನರ ಮಿದುಳು ಏನನ್ನು ಉರಿಸುತ್ತಿದೆ ಅಂತ ಅಳೆದು ತೋರಿಸಿದರು. ಹೆಚ್ಚಿನ ಪಾಲು, ಸುಮಾರು ಮೂರನೇ ಎರಡು ಭಾಗ, ಕೀಟೋನ್ ಬಾಡಿಗಳಿಂದ ಬರ್ತಿತ್ತು. ಮನುಷ್ಯ ಬರಗಾಲದಲ್ಲಿ ವಾರಗಟ್ಟಲೆ ಬದುಕೋದು ಇದರಿಂದಲೇ. ಏಕಾದಶಿ ಮಾಡುವ ಅಜ್ಜಿಯ ರಕ್ತದಲ್ಲೂ ಮರುದಿನ ಬೆಳಗ್ಗೆ ಕೀಟೋನ್ ಸ್ವಲ್ಪ ಏರಿರುತ್ತೆ. ಅದರಲ್ಲಿ ಗಾಬರಿಯಾಗುವಂಥದ್ದೇನೂ ಇಲ್ಲ.

ಯಾಕೆ ಗಾಬರಿ ಇಲ್ಲ ಅಂದ್ರೆ, ಇನ್ಸುಲಿನ್ ಇದೆ. ಹಾಸ್ಟೆಲಿನ ಓವರ್‌ಹೆಡ್ ಟ್ಯಾಂಕ್ ತುಂಬಿದ ತಕ್ಷಣ ಸೆನ್ಸರ್ ಮೋಟಾರ್ ಆಫ್ ಮಾಡುತ್ತಲ್ಲ, ಹಾಗೆ. ಕೀಟೋನ್ ಏರಿದರೆ ಒಂಚೂರು ಇನ್ಸುಲಿನ್ ಹೊರಡುತ್ತೆ, ಕೊಬ್ಬು ಕರಗೋದು ನಿಧಾನವಾಗುತ್ತೆ. ಜಿಮ್ ಗೆಳೆಯರು ಕೀಟೋ ಡಯಟ್ ಮಾಡಿಯೂ ಕಾಲೇಜಿಗೆ ಬರೋದು ಈ ಸೆನ್ಸರ್ ಸರಿಯಾಗಿರೋದರಿಂದ. ಆ ಡಯಟ್ಟನ್ನು 1921ರಲ್ಲಿ ಮೇಯೋ ಕ್ಲಿನಿಕ್ಕಿನ ರಸೆಲ್ ವೈಲ್ಡರ್ ಸೂಚಿಸಿದ್ದು ತೂಕ ಇಳಿಸೋಕಲ್ಲ, ಮೂರ್ಛೆರೋಗದ ಚಿಕಿತ್ಸೆಗೆ.

ಟೈಪ್ 1 ಡಯಾಬಿಟಿಸ್ ಇದ್ದವರಲ್ಲಿ ಇನ್ಸುಲಿನ್ ಹೆಚ್ಚುಕಮ್ಮಿ ತಯಾರಾಗೋದೇ ಇಲ್ಲ. ಸೂಜಿಯಲ್ಲೋ ಪಂಪ್‌ನಲ್ಲೋ ಹೊರಗಿಂದ ಕೊಡಬೇಕು. ಕೊಡದಿದ್ದರೆ ರಕ್ತದ ತುಂಬ ಸಕ್ಕರೆ, ಜೀವಕೋಶದ ಒಳಗೆ ಉಪವಾಸ. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ. ದೇಹ ಬರಗಾಲ ಬಂತು ಅಂದುಕೊಂಡು ಕೊಬ್ಬು ಕರಗಿಸ್ತಾನೇ ಹೋಗುತ್ತೆ, ಮೋಟಾರ್ ಆಫ್ ಮಾಡೋರೇ ಇಲ್ಲ.

ನಮ್ಮ ನಾಲ್ಕನೆಯವನಿಗೆ ಎಂಟನೇ ಕ್ಲಾಸಿನಿಂದ ಟೈಪ್ 1. ಮನೆಯಲ್ಲಿ ಜ್ವರ ಬಂದಾಗೆಲ್ಲ ಡೋಸಿನ ಲೆಕ್ಕ ಇಟ್ಟವರು ಅವನ ಅಮ್ಮ. ಹಾಸ್ಟೆಲಿಗೆ ಬಂದ ಮೊದಲ ವರ್ಷದ ಮಳೆಗಾಲದಲ್ಲಿ ಜ್ವರ, ವಾಂತಿ ಶುರುವಾಯ್ತು. "ಊಟಾನೇ ಸೇರ್ತಿಲ್ಲ ಮಗಾ, ಇನ್ಸುಲಿನ್ ತಗೊಂಡ್ರೆ ಲೋ ಆಗ್ಬಿಡುತ್ತೆ" ಅಂದ. ಕೇಳೋಕೆ ಸರಿಯಾಗೇ ಇತ್ತು. ಸಕ್ಕರೆ ಕುಸಿಯೋದಕ್ಕೆ ಹೆದರಬೇಕು ಅಂತಲೇ ಅವನು ವರ್ಷಗಟ್ಟಲೆ ಕೇಳಿಕೊಂಡು ಬಂದವನು. ಎರಡನೇ ದಿನ ರಾತ್ರಿ ಮಲಗಿದ್ದಲ್ಲೇ ಓಡಿ ಬಂದವನ ಹಾಗೆ ಉದ್ದುದ್ದ ಉಸಿರು ಎಳೀತಿದ್ದ. ನೀರು ಕುಡಿಸೋಕೆ ಬಗ್ಗಿದಾಗ ಬಾಯಿಂದ ಲ್ಯಾಬಿನ ವಾಸನೆ. ಕೊಳೆತ ಹಣ್ಣಿಗೆ ನೇಲ್ ಪಾಲಿಶ್ ರಿಮೂವರ್ ಬೆರೆಸಿದ ಹಾಗೆ. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ವಾರ್ಡನ್ ಸರ್‌ನ ಎಬ್ಬಿಸಿ, ಅವರ ಕಾರಿನಲ್ಲೇ ಆಸ್ಪತ್ರೆಗೆ ಹೋದೆವು.

ಡ್ಯೂಟಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಕೊನೇ ಸಲ ಇನ್ಸುಲಿನ್ ಯಾವಾಗ ತಗೊಂಡ?" ಶುಗರ್ 480 ಇತ್ತು. ಮೂತ್ರದಲ್ಲಿ ಅದ್ದಿದ ಪಟ್ಟಿ ಕಡು ನೇರಳೆಯಾಯ್ತು. ಇದಕ್ಕೆ ಡಯಾಬಿಟಿಕ್ ಕೀಟೋಅಸಿಡೋಸಿಸ್ ಅಂತಾರೆ, ತಡವಾದರೆ ಜೀವ ಹೋಗುತ್ತೆ ಅಂದರು. ಸಲೈನ್, ಇನ್ಸುಲಿನ್, ಪೊಟ್ಯಾಸಿಯಂ, ಗಂಟೆ ಗಂಟೆಗೆ ರಕ್ತ ಪರೀಕ್ಷೆ. ನಾಲ್ಕು ದಿನಕ್ಕೆ ರೂಮಿಗೆ ವಾಪಸ್ ಬಂದ.

ಆಮೇಲೆ ಕೂತು ಓದಿದಾಗ ಎಲ್ಲ ನಮ್ಮ ಸಿಲಬಸ್ಸೇ. ಕೀಟೋನ್ ಬಾಡಿಗಳಲ್ಲಿ ಎರಡು ಆಮ್ಲಗಳು. ಅವು ತುಂಬಿಕೊಂಡರೆ 7.35ರಿಂದ 7.45ರ ಒಳಗೆ ಇರಬೇಕಾದ ರಕ್ತದ ಪಿಎಚ್ ಕೆಳಗಿಳಿಯುತ್ತೆ. ದೇಹ ಕಾರ್ಬನ್ ಡೈಆಕ್ಸೈಡನ್ನು ಹೊರಗೆ ಹಾಕಿ ಆಮ್ಲ ತಗ್ಗಿಸೋಕೆ ನೋಡುತ್ತೆ, ಅದೇ ಆ ಉದ್ದ ಉಸಿರು. 1874ರಲ್ಲೇ ಅಡಾಲ್ಫ್ ಕುಸ್‌ಮಾಲ್ ಅನ್ನೋ ಜರ್ಮನ್ ವೈದ್ಯ ಇದನ್ನು ವಿವರಿಸಿದ್ದರಿಂದ ಅವರ ಹೆಸರೇ ಉಳಿದಿದೆ. ಅಸಿಟೋಅಸಿಟೇಟ್ ತನ್ನಷ್ಟಕ್ಕೆ ಒಡೆದು ಅಸಿಟೋನ್ ಆಗುತ್ತೆ, ಅದು ಆವಿಯಾಗಿ ಉಸಿರಲ್ಲಿ ಬರುತ್ತೆ. ಆ ಪಟ್ಟಿಯಲ್ಲಿರೋದು ಪಿಯು ಲ್ಯಾಬಿನಲ್ಲಿ ಕೀಟೋನ್ ಪರೀಕ್ಷೆಗೆ ಬಳಸುವ ನೈಟ್ರೋಪ್ರುಸೈಡ್. ಅದು ಬೀಟಾ-ಹೈಡ್ರಾಕ್ಸಿಬ್ಯುಟಿರೇಟನ್ನು ಹಿಡಿಯಲ್ಲ, ಹೇಳಿದ್ವಲ್ಲ, ಅದು ಕೀಟೋನೇ ಅಲ್ಲ! ಹಾಗಾಗಿ ಪಟ್ಟಿ ಕಮ್ಮಿ ತೋರಿಸಿದರೂ ಒಳಗೆ ಹೆಚ್ಚಿರಬಹುದು. ರಕ್ತದಲ್ಲಿ ಅಳೆಯುವ ಮೀಟರ್ ಹೆಚ್ಚು ನಂಬಿಕೆಯದ್ದು. 0.6ರ ಒಳಗಿದ್ದರೆ ಸಾಮಾನ್ಯ. ಡಯಾಬಿಟಿಸ್ ಇದ್ದವರಲ್ಲಿ 3 ದಾಟಿದರೆ ತಕ್ಷಣ ಆಸ್ಪತ್ರೆ.

ಇನ್ಸುಲಿನ್ ಬರೋ ಮುಂಚೆ ಆಸ್ಪತ್ರೆಗೆ ಹೋದರೂ ಏನೂ ಆಗ್ತಿರಲಿಲ್ಲ. 1922ರ ಜನವರಿಯಲ್ಲಿ ಟೊರಾಂಟೋದಲ್ಲಿ ಲಿಯೊನಾರ್ಡ್ ಥಾಮ್ಸನ್ ಅನ್ನೋ 14 ವರ್ಷದ ಹುಡುಗ ಮಲಗಿದ್ದ. ತೂಕ ಸುಮಾರು 30 ಕೆಜಿ. ಜನವರಿ 11ಕ್ಕೆ ಕೊಟ್ಟ ಮೊದಲ ಇನ್ಸುಲಿನ್ ಶುದ್ಧವಾಗಿರಲಿಲ್ಲ, ಅಷ್ಟಾಗಿ ಉಪಯೋಗವಾಗಲಿಲ್ಲ. ಜೇಮ್ಸ್ ಕಾಲಿಪ್ ಶುದ್ಧ ಮಾಡಿದ ಇನ್ಸುಲಿನ್ 23ರಂದು ಕೊಟ್ಟಾಗ ಸಕ್ಕರೆ ಇಳಿಯಿತು, ಮೂತ್ರದಿಂದ ಕೀಟೋನ್ ಮಾಯವಾಯ್ತು. ಆ ಹುಡುಗ ಮುಂದೆ 13 ವರ್ಷ ಬದುಕಿದ.

ಇದನ್ನೆಲ್ಲ ಇಲ್ಲಿ ಬರೆಯೋಕೆ ಒಂದೇ ಕಾರಣ. ಹಾಸ್ಟೆಲಿನಲ್ಲಿ ಅಮ್ಮ ಇರಲ್ಲ, ರೂಮ್‌ಮೇಟ್ ಇರ್ತಾರೆ. ಜ್ವರ ಬಂದಾಗ ದೇಹಕ್ಕೆ ಇನ್ಸುಲಿನ್ ಜಾಸ್ತಿನೇ ಬೇಕಾಗುತ್ತೆ, ಊಟ ಮಾಡದಿದ್ದರೂ. ಟೈಪ್ 1 ಇದ್ದವರು ಜ್ವರ ಬಂದಾಗ ಇನ್ಸುಲಿನ್ ಪೂರ್ತಿ ನಿಲ್ಲಿಸಬಾರದು. ಎಷ್ಟು ಅನ್ನೋದನ್ನು ಡಾಕ್ಟರಿಗೆ ಫೋನ್ ಮಾಡಿ ಕೇಳಬೇಕು. ನಿಲ್ಲದ ವಾಂತಿ, ಹೊಟ್ಟೆನೋವು, ಉದ್ದ ಉಸಿರು, ಮಂಪರು ಕಂಡರೆ ಬೆಳಗಾಗಲಿ ಅಂತ ಕಾಯಬಾರದು. ವಾಸನೆ ಬರಲಿ ಅಂತಲೂ ಕಾಯಬೇಡಿ, ಅಸಿಟೋನ್ ವಾಸನೆ ಎಲ್ಲರ ಮೂಗಿಗೂ ಸಿಗಲ್ಲ. ನಮ್ಮ ರೂಮಿನ ಬೀರು ಬಾಗಿಲ ಒಳಗೆ ಈಗ ಅವನ ಡಾಕ್ಟರ್ ಬರೆದುಕೊಟ್ಟ ಚೀಟಿ ಅಂಟಿಸಿದ್ದೇವೆ. ಅವನ ಅಮ್ಮನ ನಂಬರ್ ಮೂವರ ಫೋನಿನಲ್ಲೂ ಇದೆ.

ಬರೆದದ್ದನ್ನು ಮೊದಲು ಅವನಿಗೇ ತೋರಿಸಿದೆವು. 'ರೋಗಿ' ಅಂತ ಇದ್ದ ಎರಡು ಕಡೆ ಹೊಡೆದು ಹಾಕಿದ. "ಹೆಸರು ಹಾಕ್ಬೇಡ್ರೋ, ಆದ್ರೆ ಜ್ವರದಲ್ಲಿ ಇನ್ಸುಲಿನ್ ನಿಲ್ಲಿಸಬಾರದು ಅನ್ನೋದನ್ನ ಎರಡು ಸಲ ಬರೀರಿ" ಅಂದ. ಇದು ಎರಡನೇ ಸಲ.