ಎರಡು ಸಲ ಪ್ರಧಾನಿ, ಪಟ್ಟಿಯಲ್ಲಿ ನಾಪತ್ತೆ

ಮಗಳ ಜಿಕೆ ಪುಸ್ತಕದ ಪ್ರಧಾನಿಗಳ ಪಟ್ಟಿ ನೋಡ್ತಾ ಕೂತಿದ್ದೆ. ನೆಹರೂ, ಶಾಸ್ತ್ರಿ, ಇಂದಿರಾ... ಗುಲ್ಜಾರಿಲಾಲ್ ನಂದಾ ಎಲ್ರೀ?

1964ರ ಮೇನಲ್ಲಿ ನೆಹರೂ ತೀರಿಕೊಂಡಾಗ, 1966ರ ಜನವರಿಯಲ್ಲಿ ತಾಷ್ಕೆಂಟಿನಿಂದ ಶಾಸ್ತ್ರೀಜಿ ಸಾವಿನ ಸುದ್ದಿ ಬಂದ ರಾತ್ರಿ, ಎರಡೂ ಸಲ ದೇಶ ಕೈಗೆತ್ತಿಕೊಂಡಿದ್ದು ಆಗ ಗೃಹಮಂತ್ರಿಯಾಗಿದ್ದ ಇದೇ ನಂದಾ. ಹತ್ತಿರಹತ್ತಿರ ಎರಡೆರಡು ವಾರ. ಅದೂ ಒಂದು ಚೀನಾ ಯುದ್ಧದ ಬೆನ್ನಿಗೆ, ಇನ್ನೊಂದು ಪಾಕಿಸ್ತಾನದ್ದರ ಬೆನ್ನಿಗೆ! ಅಹಮದಾಬಾದಿನ ಗಿರಣಿ ಕಾರ್ಮಿಕರ ಸಂಘದಲ್ಲಿ ವರ್ಷಗಟ್ಟಲೆ ದುಡಿದು ಬಂದ ಮನುಷ್ಯ. ಕುರ್ಚಿ ಮೇಲೆ ಆಸೆಯೇ ಇರಲಿಲ್ಲ ಅಂದ್ರೆ ನಾನಂತೂ ನಂಬಲ್ಲ. ಆದ್ರೂ ಪಕ್ಷ ಬೇರೆಯವರನ್ನ ಆರಿಸಿದಾಗ ಎರಡೂ ಸಲ ಎದ್ದು ಜಾಗ ಬಿಟ್ರು. 1966ರ ನವೆಂಬರಲ್ಲಿ, ಗೋಹತ್ಯೆ ನಿಷೇಧ ಕೇಳಿ ಸಂಸತ್ತಿನೆದುರು ನಡೆದ ಗಲಾಟೆಯ ನಂತರ, ಗೃಹಖಾತೆಯೂ ಹೋಯ್ತು.

ಭಾರತರತ್ನ ಬಂದಿದ್ದು 1997ರಲ್ಲಿ, ತೊಂಬತ್ತೊಂಬತ್ತರ ವಯಸ್ಸಿನ ಆಸುಪಾಸಲ್ಲಿ. ನಿಮ್ಮ ಶಾಲೆಯಲ್ಲಿ ಇವರ ಹೆಸರು ಹೇಳಿಕೊಟ್ಟಿದ್ರಾ?